ಮಿಸ್ತ್ರಿ ಹುಡುಕಿದ ಅರ್ಥ

ನಮ್ಮ ಮನೆಯವರು ನನ್ನನ್ನು ಮೊದಲ ಸಲ ಕಣ್ತುಂಬ ನೋಡಿದ್ದು ಮದುವೆಯಾದ ಒಂಬತ್ತನೆಯ ವರ್ಷದಲ್ಲಿ. ಅದೂ ಯಾಕೆ ಅಂತೀರಿ? ನಾನು ಎಷ್ಟು ತೂಕ ಇರಬಹುದು ಎಂದು ಅಂದಾಜು ಮಾಡುವುದಕ್ಕೆ! ನಗಬೇಡಿ. ಆ ಒಂದು ನೋಟದಿಂದ ನನ್ನ ತಮ್ಮನ ಮಾನ ಉಳಿಯಿತು. ಆದರೆ ಆ ಮಾತಿಗೆ ಬರುವ ಮೊದಲು ಈ ಮನುಷ್ಯ ಎಂಥವರು ಎಂದು ನಿಮಗೆ ಹೇಳಬೇಕು, ಇಲ್ಲದಿದ್ದರೆ ನೀವು ನನ್ನನ್ನೇ ಸುಳ್ಳುಬುರುಕಿ ಅನ್ನುತ್ತೀರಿ.

ಅವರ ಹೆಸರು ಹೇಳುವುದಿಲ್ಲ. ಗಂಡನ ಹೆಸರನ್ನು ಬಾಯಿಬಿಟ್ಟು ಹೇಳಬಾರದು, ಹೇಳಲೇಬೇಕಾದರೆ ಒಡಪು ಹಾಕಿ ಹೇಳಬೇಕು ಎಂದು ನಮ್ಮತ್ತೆಯವರು ಕಲಿಸಿದ್ದರು. ಬ್ಯಾಟರಿ, ಫ್ಯೂಜು, ವಾಯರುಗಳಿಗೆ ಪ್ರಾಸ ಹೊಂದಿಸಿ ಒಡಪು ಕಟ್ಟುವ ಶಕ್ತಿ ನನಗೆಲ್ಲಿಂದ ಬರಬೇಕು? ಗಂಗಾವತಿಯ ಮಂದಿ ಅವರನ್ನು ‘ಮಿಸ್ತ್ರಿ’ ಎಂದು ಕರೆಯುತ್ತಿದ್ದರು. ನೀವೂ ಹಾಗೆಯೇ ಕರೆಯಿರಿ.

ಎಪ್ಪತ್ತರ ದಶಕದ ಕೊನೆಯ ಮಾತು ಇದು. ಅಕ್ಕಿ ಮಿಲ್ಲುಗಳ ಸಾಲಿನಲ್ಲಿ ಎರಡು ತಗಡು ಹೊದಿಸಿದ ಜಾಗವೇ ಅವರ ಅಂಗಡಿ. ಕಾರು, ಜೀಪು, ಲಾರಿ, ಮೋಟರ್ ಸೈಕಲ್ಲು ಯಾವುದೇ ಬರಲಿ, ಅದರ ಕರೆಂಟಿನ ರಿಪೇರಿ ಮಾತ್ರ ಮಾಡುವವರು. ಎಂಜಿನ್ನು ಕೆಟ್ಟಿದೆ ಎಂದು ಯಾರಾದರೂ ಬಂದರೆ, ಅದು ಹೊಟ್ಟಿ ಬ್ಯಾನಿ, ನಾನು ನರದ ಡಾಕ್ಟರು ಎಂದು ಮುಂದಿನ ಅಂಗಡಿಗೆ ಕಳಿಸುತ್ತಿದ್ದರು. ಕೊರಳಲ್ಲಿ ಯಾವಾಗಲೂ ಒಂದು ಟೆಸ್ಟ್ ಲ್ಯಾಂಪು. ಟೆಸ್ಟ್ ಲ್ಯಾಂಪು ಅಂದರೆ ಮತ್ತೇನಿಲ್ಲ, ಒಂದು ಸಣ್ಣ ಬಲ್ಬು, ಅದಕ್ಕೆ ಎರಡು ವಾಯರು. ಒಂದು ತುದಿಯನ್ನು ಕರೆಂಟು ಬರುವ ಕಡೆ, ಇನ್ನೊಂದನ್ನು ಗಾಡಿಯ ಕಬ್ಬಿಣಕ್ಕೆ ಹಚ್ಚಿದರೆ, ಕರೆಂಟು ಇದ್ದಲ್ಲಿ ಬಲ್ಬು ಹತ್ತುತ್ತದೆ. ಜಳಕಕ್ಕೆ ಹೋಗುವಾಗ ಬಿಟ್ಟರೆ ಅದು ಅವರ ಕೊರಳು ಬಿಟ್ಟು ಇಳಿದದ್ದು ನಾನು ಕಾಣೆ. ಹನುಮನಹಳ್ಳಿ ಕಡೆಯ ಅಜ್ಜಿಯೊಬ್ಬಳು ಅದನ್ನು ಬಹಳ ಹೊತ್ತು ನೋಡಿ, ಇದು ಯಾವ ದೇವರ ತಾಯತ, ಮೊಮ್ಮಗನಿಗೂ ಒಂದು ಕಟ್ಟಿಸಬೇಕು ಎಂದು ಕೇಳಿದ್ದಳು. ಇವರು ಗಂಭೀರವಾಗಿ, ಮೊಮ್ಮಗನಿಗೆ ಬ್ಯಾಟರಿ ಇದ್ದರೆ ಕಟ್ಟಿಸು ಎಂದರು.

ಅವರ ಜೀವಕ್ಕೆ ಜೀವವಾದದ್ದು ಪಂಪು. ಆಗಿನ ಕೆಲವು ಹಳೆಯ ಕಾರುಗಳಲ್ಲಿ ಟ್ಯಾಂಕಿನಿಂದ ಪೆಟ್ರೋಲನ್ನು ಎಂಜಿನ್ನಿಗೆ ಎಳೆದು ಕೊಡುವುದಕ್ಕೆ ಕರೆಂಟಿನಿಂದ ನಡೆಯುವ, ಅಂಗೈ ಅಗಲದ ಒಂದು ಪಂಪು ಇರುತ್ತಿತ್ತು. ಕೀಲಿ ತಿರುವಿದರೆ ‘ಟಿಕ್ ಟಿಕ್ ಟಿಕ್’ ಎಂದು ಸಪ್ಪಳ ಮಾಡುತ್ತದೆ, ಪೆಟ್ರೋಲು ತುಂಬಿತೆಂದರೆ ಸುಮ್ಮನಾಗುತ್ತದೆ. ಆ ಟಿಕ್ ಟಿಕ್ ಕೇಳುವುದಕ್ಕೆ ಇವರು ಓಣಿಯನ್ನೆಲ್ಲ ಸುಮ್ಮನಿರಿಸುತ್ತಿದ್ದರು. ನಾನು ಒಂಬತ್ತು ವರ್ಷ ಮಾತಾಡಿದ್ದರಲ್ಲಿ ಅರ್ಧವನ್ನೂ ಈ ಮನುಷ್ಯ ಕಿವಿಗೆ ಹಾಕಿಕೊಂಡಿಲ್ಲ, ಆದರೆ ಮೂರು ಮನೆಯಾಚೆ ನಿಂತ ಕಾರಿನ ಪಂಪು ಎರಡು ಟಿಕ್ ತಪ್ಪಿಸಿದರೆ ಊಟ ಬಿಟ್ಟು ಏಳುತ್ತಿದ್ದರು!

ಇನ್ನು ನಮ್ಮ ಕಡೆ ಪೆಟ್ರೋಲ್ ಪಂಪು ಅಂದರೆ ಪೆಟ್ರೋಲು ಹಾಕಿಸುವ ಜಾಗ ಅಲ್ಲವೇ? ಒಮ್ಮೆ ಯಲಬುರ್ಗಾ ಕಡೆಯ ಗೌಡರೊಬ್ಬರ ಕಾರು ಕೊಪ್ಪಳದ ದಾರಿಯಲ್ಲಿ ನಿಂತಿತು. ಇವರನ್ನು ಕರೆಸಿದರು. ಇವರು ಬಾನೆಟ್ಟಿನೊಳಗೆ ತಲೆ ಹಾಕಿ, ಪೆಟ್ರೋಲ್ ಪಂಪ್ ಬಂದ್ ಆಗಿದೆ ಎಂದರು. ಗೌಡರಿಗೆ ಗಾಬರಿ. ಕೂಡಲೇ ಆಳಿಗೆ ಸೈಕಲ್ಲು ಕೊಟ್ಟು ಊರಿನ ಕಡೆ ಓಡಿಸಿದರು. ಇವರು ತಮ್ಮ ಪಾಡಿಗೆ ಪಂಪು ಬಿಚ್ಚಿ, ಒಳಗಿನ ಕರಕಲನ್ನು ಉಸುಕು ಕಾಗದದಿಂದ ತಿಕ್ಕಿ, ಮತ್ತೆ ಕೂಡಿಸಿ ಗಾಡಿ ಚಾಲೂ ಮಾಡುವ ಹೊತ್ತಿಗೆ ಆಳು ಬೆವರು ಸುರಿಸುತ್ತ ಬಂದು ವರದಿ ಒಪ್ಪಿಸಿದ: ಪಂಪು ಬಂದ್ ಆಗಿಲ್ಲವಂತೆ, ಬಾಗಿಲು ತೆರೆದಿದೆಯಂತೆ, ಎಷ್ಟು ಬೇಕಾದರೂ ಹಾಕುತ್ತಾರಂತೆ. ಗೌಡರು ಇವರ ಮುಖ ನೋಡಿದರು. ಇವರು ಏನೂ ನಡೆದೇ ಇಲ್ಲವೆಂಬಂತೆ ಕೈ ಒರೆಸಿಕೊಂಡರು.

ಕುಷ್ಟಗಿಯಲ್ಲಿ ನನ್ನ ಚಿಕ್ಕಮ್ಮನ ಮಗಳ ಮದುವೆ. ಎಲ್ಲರ ಕೈಗೂ ಅಕ್ಕಿಕಾಳು ಕೊಟ್ಟಿದ್ದಾರೆ, ಭಜಂತ್ರಿ ಜೋರಾಗಿದೆ, ಇನ್ನೇನು ತಾಳಿ ಕಟ್ಟಬೇಕು. ಪಕ್ಕಕ್ಕೆ ತಿರುಗಿ ನೋಡಿದರೆ ನಮ್ಮ ಯಜಮಾನರಿಲ್ಲ! ಹೊರಗೆ ಬೀಗರ ಕಾರು ನಿಂತಿತ್ತಂತೆ, ಡ್ರೈವರು ಕೀಲಿ ತಿರುವಿದ್ದನ್ನು ಹಾಗೆಯೇ ಬಿಟ್ಟು ಅಕ್ಕಿಕಾಳಿಗೆ ಬಂದಿದ್ದನಂತೆ, ಆ ಭಜಂತ್ರಿಯ ನಡುವೆಯೂ ಇವರಿಗೆ ಪಂಪಿನ ಸದ್ದು ಕೇಳಿತಂತೆ. ಹೊಟ್ಟೆ ತುಂಬಿದ ಮೇಲೆ ಸುಮ್ಮನಾಗಬೇಕಾದದ್ದು ಸುಮ್ಮನಾಗುತ್ತಿಲ್ಲ ಎಂದರೆ ಪೆಟ್ರೋಲು ಎಲ್ಲೋ ಹೊರಗೆ ಹೋಗುತ್ತಿದೆ ಎಂದೇ ಅರ್ಥ. ಹೋಗಿ ನೋಡಿದರೆ ಕಾರಿನ ಕೆಳಗೆ ಪೆಟ್ರೋಲು ತೊಟ್ಟಿಕ್ಕುತ್ತಿದೆ, ಹತ್ತು ಮಾರು ಆಚೆಗೆ ಅಡಿಗೆಯವರ ಒಲೆ! ಇವರು ಕೀಲಿ ಕಿತ್ತು, ನಾಲ್ಕು ಮಂದಿಯನ್ನು ಕೂಡಿಸಿ ಕಾರನ್ನು ದೂರ ತಳ್ಳಿಸಿದರು. ಬೀಗರು ಬಂದು ಕೈ ಮುಗಿದಾಗ ನನಗೆ ಎದೆ ಇಷ್ಟಗಲ ಆಯಿತು. ಮದುಮಕ್ಕಳಿಗೆ ಹಾಕಬೇಕಾದ ಅಕ್ಕಿಕಾಳು ಎಲ್ಲಿ ಎಂದು ಕೇಳಿದರೆ ಮಾತ್ರ ತಲೆ ಕೆರೆದುಕೊಂಡರು. ಅದಷ್ಟೂ ಕಾರಿನ ಬಾನೆಟ್ಟಿನ ಮೇಲೆ ಬಿದ್ದಿತ್ತು.

ಈಗ ಅಸಲಿ ಮಾತಿಗೆ ಬರುತ್ತೇನೆ. ಗಾಡಿಯಲ್ಲಿ ಕರೆಂಟು ಬ್ಯಾಟರಿಯಿಂದ ಒಂದು ವಾಯರಿನಲ್ಲಿ ಹೋಗುತ್ತದಂತೆ, ತಿರುಗಿ ಬರುವುದು ಗಾಡಿಯ ಕಬ್ಬಿಣದ ಮೈಯಿಂದಲೇ ಅಂತೆ. ಹೀಗೆ ತಿರುಗಿ ಬರುವ ದಾರಿಗೆ ಇಂಗ್ಲಿಷಿನಲ್ಲಿ ‘ಅರ್ಥ್’ ಎಂದು ಹೆಸರು. ನಮ್ಮ ಮನೆಯವರು ಓದಿದ್ದು ನಾಲ್ಕನೆಯ ಇಯತ್ತೆ. ಅವರ ಬಾಯಲ್ಲಿ ಅದು ಅಚ್ಚಕನ್ನಡವಾಗಿ ‘ಅರ್ಥ’ ಆಗಿಬಿಟ್ಟಿತ್ತು. ಕರೆಂಟು ಇದ್ದೂ ದೀಪ ಹತ್ತದಿದ್ದರೆ ‘ಅರ್ಥ ಇಲ್ಲ’ ಎನ್ನುವರು, ವಾಯರು ಸಡಿಲಾಗಿದ್ದರೆ ‘ಅರ್ಥ ಹೋಗೈತಿ’ ಎನ್ನುವರು.

ಊರಿನ ಕನ್ನಡ ಮಾಸ್ತರರೊಬ್ಬರು ಮೋಟರ್ ಸೈಕಲ್ಲಿನ ದೀಪ ಹತ್ತುತ್ತಿಲ್ಲವೆಂದು ತಂದಿದ್ದರು. ಅವರಿಗೆ ಕವಿತೆ ಬರೆಯುವ ಹುಚ್ಚು. ಇವರು ಕೆಲಸ ಮಾಡುತ್ತಿದ್ದಾಗ ಮಾಸ್ತರರು ಸ್ಟೂಲಿನ ಮೇಲೆ ಕೂತು, ಹಿಂದಿನ ದಿನ ಬರೆದ ಕವಿತೆಯನ್ನು ರಾಗವಾಗಿ ಓದಿದರು. ಹದಿನಾರು ನುಡಿ. ಓದಿ ಮುಗಿಸಿ, ಹೇಗಿದೆ ಮಿಸ್ತ್ರಿ ಎಂದು ಕೇಳುವುದಕ್ಕೂ ಇವರು ಗಾಡಿಯ ದೀಪದಿಂದ ತಲೆ ಎತ್ತುವುದಕ್ಕೂ ಸರಿಹೋಯಿತು.

“ಎಲ್ಲಾ ಛಲೋ ಐತ್ರಿ ಮಾಸ್ತರ. ಅರ್ಥ ಒಂದ ಇಲ್ಲ ನೋಡ್ರಿ.”

ಮಾಸ್ತರರು ದೀಪವಿಲ್ಲದ ಗಾಡಿಯನ್ನು ಹಾಗೇ ತಳ್ಳಿಕೊಂಡು ಹೋದರು. ಇವರಿಗೆ ಇವತ್ತಿಗೂ ಅದು ಯಾಕೆಂದು ತಿಳಿದಿಲ್ಲ!

ಇಂಥವರ ಹತ್ತಿರ ನನ್ನ ತಮ್ಮನ ಮಾನದ ಪ್ರಶ್ನೆ ಬಂತು. ತಮ್ಮ ಒಬ್ಬ ಮಿಲ್ಲಿನ ಸಾವ್ಕಾರರ ಕಾರಿಗೆ ಡ್ರೈವರಾಗಿದ್ದ. ಅಪ್ಪ ಅವ್ವ ಇಲ್ಲದ ಹುಡುಗ, ನಮ್ಮ ಮನೆಯಲ್ಲೇ ಬೆಳೆದವನು. ತಳಕಲ್ಲಿನ ಒಂದು ಒಳ್ಳೆಯ ಮನೆತನದಲ್ಲಿ ಹೆಣ್ಣು ಗೊತ್ತಾಗಿತ್ತು. ಆಗಲೇ ಸಾವ್ಕಾರರ ಕಾರು ದಾರಿಯಲ್ಲಿ ನಿಲ್ಲುವುದಕ್ಕೆ ಶುರು ಮಾಡಿತು. ಕುಷ್ಟಗಿಗೆ ಹೊರಟರೆ ಎರಡು ಕಡೆ, ಕೊಪ್ಪಳಕ್ಕೆ ಹೊರಟರೆ ಒಂದು ಕಡೆ. ನಿಂತದ್ದು ಹಾಗೇ ನಿಂತಿರಬಾರದೇ? ಇಲ್ಲ! ಸಾವ್ಕಾರರು ಬೈಯುತ್ತ ಕೆಳಗಿಳಿದರು ಎನ್ನುವಷ್ಟರಲ್ಲಿ ಚಾಲೂ ಆಗಿಬಿಡುತ್ತಿತ್ತು. ತಮ್ಮನೊಬ್ಬನೇ ಓಡಿಸಿದರೆ ಒಂದು ದಿನವೂ ನಿಲ್ಲುತ್ತಿರಲಿಲ್ಲ.

ನಾಲ್ಕು ಸಲ ನೋಡಿದ ಸಾವ್ಕಾರರು ಐದನೆಯ ಸಲ, ಮಿಲ್ಲಿನ ಅಂಗಳದಲ್ಲಿ, ಚೀಲ ಹೊರುವ ಹಮಾಲರು, ಅಕ್ಕಿ ಹಸನು ಮಾಡುವ ಹೆಣ್ಣುಮಕ್ಕಳು, ಗುಮಾಸ್ತ ಎಲ್ಲರ ಮುಂದೆ ಬಾಯಿ ತೆರೆದರು. “ನಾ ಕುಂತ್ರ ನಿಲ್ಲತೈತಿ, ನಾ ಇಳದ್ರ ಹೊಂಡತೈತಿ. ಗಾಡಿಗೇನು ನನ್ನ ಮ್ಯಾಲ ಸಿಟ್ಟೈತೇನು? ಇಂವ ಬೇಕಂತ ನಿಲ್ಲಸ್ತಾನ. ಸುಳ್ಳ ಅದಾನ ಇಂವ, ಸುಳ್ಳ.” ಬೆಸ್ತವಾರದೊಳಗೆ ಗಾಡಿ ಯಾಕೆ ನಿಲ್ಲುತ್ತದೆಂದು ತೋರಿಸಬೇಕು, ಇಲ್ಲದಿದ್ದರೆ ಕೀಲಿ ಇಟ್ಟು ಹೋಗಬೇಕು ಎಂದು ಅಪ್ಪಣೆಯಾಯಿತು.

ತಮ್ಮ ಮನೆಗೆ ಬಂದು ಕಟ್ಟೆಯ ಮೇಲೆ ಕೂತ. ರೊಟ್ಟಿ ಮುಟ್ಟಲಿಲ್ಲ. ಕೆಲಸ ಇವತ್ತಲ್ಲ ನಾಳೆ ಇನ್ನೊಂದು ಸಿಗುತ್ತದೆ, ಆದರೆ ಸುಳ್ಳ ಎಂಬ ಹೆಸರು ತಳಕಲ್ಲಿಗೆ ಮುಟ್ಟಿದರೆ ಯಾರು ಹೆಣ್ಣು ಕೊಡುತ್ತಾರೆ? ಇವರು ಬಂದು ಅವನ ಪಕ್ಕ ಕೂತರು. ಧೈರ್ಯ ಹೇಳುತ್ತಾರೇನೋ ಎಂದು ನಾನು ಬಾಗಿಲ ಹತ್ತಿರ ನಿಂತು ಕೇಳಿದೆ. ಇವರು ಕೇಳಿದ್ದು ಒಂದೇ ಪ್ರಶ್ನೆ: ಸಾವ್ಕಾರರು ಯಾವ ಕಡೆ ಕೂರುತ್ತಾರೆ? ಹಿಂದಿನ ಸೀಟು, ಎಡಗಡೆ ಎಂದ ತಮ್ಮ. ಸರಿ ಎಂದು ಎದ್ದು ಹೋದರು. ಅಲ್ಲ, ಇದು ಮನುಷ್ಯರು ಕೇಳುವ ಮಾತೇ?

ಸೋಮವಾರ ಕಾರು ಅಂಗಡಿಗೆ ಬಂತು. ಇವರು ಕೀಲಿಯಿಂದ ಶುರು ಮಾಡಿ ಡಿಕ್ಕಿಯಲ್ಲಿದ್ದ ಪಂಪಿನವರೆಗೆ ವಾಯರಿನ ಗೇಣುಗೇಣನ್ನೂ ನೋಡಿದರು. ಫ್ಯೂಜು ಸರಿಯಿದೆ. ಸ್ವಿಚ್ಚು ಸರಿಯಿದೆ. ಪಂಪು ಬಿಚ್ಚಿ ತಿಕ್ಕಿ ಕೂಡಿಸಿದರು. ಎಲ್ಲಿ ಹಚ್ಚಿದರೂ ಟೆಸ್ಟ್ ಲ್ಯಾಂಪು ಝಗ್ಗನೆ ಹತ್ತುತ್ತಿತ್ತು. ಮಂಗಳವಾರ ತಮ್ಮನನ್ನು ಕರೆದುಕೊಂಡು ಸಿದ್ದಾಪುರದವರೆಗೆ ಹೋಗಿ ಬಂದರು. ದರಿದ್ರ ಕಾರು ಒಮ್ಮೆಯಾದರೂ ನಿಂತಿತೇ? ಹೊಸ ಸೊಸೆಯ ಹಾಗೆ ಸೊಲ್ಲೆತ್ತದೆ ಹೋಗಿ ಬಂತು! ಅದು ಚೆನ್ನಾಗಿ ಓಡಿದಷ್ಟೂ ನನ್ನ ತಮ್ಮ ಸುಳ್ಳ ಎಂಬುದು ಖರೆ ಆಗುತ್ತಿತ್ತು. ಲೋಕದಲ್ಲಿ ಎಲ್ಲರೂ ಗಾಡಿ ನಿಲ್ಲದಿರಲಿ ಎಂದು ಹರಕೆ ಹೊರುತ್ತಾರೆ, ನಾನು ಮಾತ್ರ ಬೆಟ್ಟದ ಹನುಮಪ್ಪನಿಗೆ, ಈ ಕಾರನ್ನು ಒಂದು ಸಲ ನಿಲ್ಲಿಸಪ್ಪಾ, ಐದು ಕಾಯಿ ಒಡೆಸುತ್ತೇನೆ ಎಂದು ಕೇಳಿಕೊಂಡೆ.

ಬುಧವಾರ ಬೆಳಿಗ್ಗೆ ಇವರು ಕಾರನ್ನು ಮನೆಯ ಮುಂದೆ ತರಿಸಿ, ಹಿಂದಿನ ಸೀಟಿನ ಎಡಗಡೆ ಒಂದು ಅಕ್ಕಿ ಚೀಲ ಇಟ್ಟು ನೋಡಿದರು. ಚೀಲ ಕೂರಲಿಲ್ಲ, ಉರುಳಿ ಬಾಗಿಲಿಗೆ ಒರಗಿತು. ಕಟ್ಟೆಯ ಮೇಲೆ ಕೂತು ಬಹಳ ಹೊತ್ತು ಯೋಚಿಸಿದರು. ಆಮೇಲೆ ತಲೆ ಎತ್ತಿ ನನ್ನನ್ನು ನೋಡಿದರು ನೋಡಿ! ಮೇಲಿನಿಂದ ಕೆಳಗೆ, ಮತ್ತೆ ಕೆಳಗಿನಿಂದ ಮೇಲೆ. ನಾನು ನಾಚಿ ಸೆರಗು ಸರಿಪಡಿಸಿಕೊಂಡೆ.

“ಕಾರಿನಾಗ ಕುಂದ್ರತೀಯೇನು?” ಎಂದರು.

ಒಂಬತ್ತು ವರ್ಷದಲ್ಲಿ ಒಂದು ದಿನ ಎತ್ತಿನ ಬಂಡಿಯಲ್ಲೂ ತಿರುಗಾಡಿಸದ ಗಂಡ ಕಾರಿನಲ್ಲಿ ಕೂರುತ್ತೀಯಾ ಎಂದು ಕೇಳಿದರೆ ಯಾವ ಹೆಂಡತಿ ತಡ ಮಾಡುತ್ತಾಳೆ? ಒಳಗೆ ಹೋಗಿ ಮದುವೆಯ ಇಳಕಲ್ಲ ಸೀರೆ ಉಟ್ಟೆ. ಮಲ್ಲಿಗೆ ಮುಡಿದೆ. ಕನ್ನಡಿ ನೋಡಿಕೊಂಡೆ. ಹೊರಗೆ ಬಂದರೆ ತಮ್ಮ ಸ್ಟೇರಿಂಗ್ ಹಿಡಿದು ಕೂತಿದ್ದಾನೆ, ಇವರು ತೆರೆದ ಡಿಕ್ಕಿಯಲ್ಲಿ ಕಾಲು ಇಳಿಬಿಟ್ಟು ಪಂಪಿನ ಪಕ್ಕ ಕೂತಿದ್ದಾರೆ! ಹಿಂದಿನ ಸೀಟಿನಲ್ಲಿ ಮಹಾರಾಣಿಯಂತೆ ನಾನೊಬ್ಬಳೇ.

ಕೊಪ್ಪಳದ ರಸ್ತೆಗೆ ಬಂದೆವು. ಎರಡು ಫರ್ಲಾಂಗು ಹೋಗಿರಬಹುದು, ಕಾರು ಕೆಮ್ಮಿತು, ಜರ್ಕು ಹೊಡೆಯಿತು, ನಿಂತಿತು. ತಮ್ಮ ತಿರುಗಿ ನನ್ನ ಮುಖ ನೋಡಿದ, ನಾನು ಅವನ ಮುಖ ನೋಡಿದೆ. ಇಬ್ಬರ ಕಣ್ಣಲ್ಲೂ ನೀರು.

ಡಿಕ್ಕಿಯಿಂದ ಅಪ್ಪಣೆ ಬಂತು, “ಏಳು.” ನಾನು ಸೀಟು ಬಿಟ್ಟು ಅರ್ಧ ಎದ್ದೆ. ಟಿಕ್ ಟಿಕ್ ಟಿಕ್! “ಕುಂದ್ರು.” ಕೂತೆ. ಪಂಪು ಸುಮ್ಮನಾಯಿತು. “ಏಳು.” ಟಿಕ್ ಟಿಕ್. “ಕುಂದ್ರು.” ಗಪ್‌ಚುಪ್. ಹೀಗೆ ಹತ್ತು ಸಲ ಆಯಿತೋ ಹನ್ನೆರಡು ಸಲ ಆಯಿತೋ! ಇಳಕಲ್ಲ ಸೀರೆ ಉಟ್ಟು, ಮಲ್ಲಿಗೆ ಮುಡಿದು, ನಡುರಸ್ತೆಯಲ್ಲಿ ಕಾರಿನೊಳಗೆ ಬಸ್ಕಿ ಹೊಡೆಯುವ ಹೆಂಗಸನ್ನು ನೀವು ನೋಡಿದ್ದೀರಾ? ಗದ್ದೆಗೆ ಹೊರಟಿದ್ದ ಹೆಣ್ಣುಮಕ್ಕಳು ಬುಟ್ಟಿ ಇಳಿಸಿ ನಿಂತರು. ಒಬ್ಬಾಕೆ ಹತ್ತಿರ ಬಂದು, ಯಾವ ದೇವರ ಹರಕೆಯವ್ವಾ ಎಂದು ಮೆಲ್ಲಗೆ ಕೇಳಿದಳು.

ಇವರು ಡಿಕ್ಕಿಯಿಂದ ಇಳಿದು ಬಂದು ಸೀಟು ಎತ್ತಿ ತೋರಿಸಿದರು. ಪಂಪಿನ ಅರ್ಥದ ವಾಯರನ್ನು ಯಾರೋ ಆ ಸೀಟಿನ ಕೆಳಗೆ ತಗಡಿಗೆ ಒಂದು ಸ್ಕ್ರೂ ಹಾಕಿ ಬಿಗಿದಿದ್ದರು. ಸ್ಕ್ರೂ ಸವೆದು ಸಡಿಲಾಗಿತ್ತು. ಮೊದಮೊದಲು ರಸ್ತೆಯ ಗುಂಡಿಗೆ ಗಾಡಿ ಕುಲುಕಿದಾಗ ಮಾತ್ರ, ಈಗೀಗ ಭಾರ ಬಿದ್ದ ಕೂಡಲೇ, ಸೀಟಿನ ಸ್ಪ್ರಿಂಗು ಇಳಿದು ಆ ವಾಯರನ್ನು ಒತ್ತಿ ತಗಡಿನಿಂದ ಕೂದಲೆಳೆಯಷ್ಟು ಬಿಡಿಸುತ್ತಿತ್ತು, ಕರೆಂಟಿಗೆ ತಿರುಗಿ ಬರುವ ದಾರಿ ಇಲ್ಲದೆ ಪಂಪು ಬಂದ್ ಆಗುತ್ತಿತ್ತು. ಎಂಜಿನ್ನಿನ ಹತ್ತಿರ ಉಳಿದ ಪೆಟ್ರೋಲಿನಲ್ಲಿ ಗಾಡಿ ಇನ್ನೆರಡು ಫರ್ಲಾಂಗು ಓಡುತ್ತಿತ್ತು, ಹಾಗಾಗಿ ಕೂತದ್ದಕ್ಕೂ ನಿಂತದ್ದಕ್ಕೂ ಸಂಬಂಧವಿದೆ ಎಂದು ಯಾರಿಗೂ ಹೊಳೆದಿರಲಿಲ್ಲ. ಇವರಿಗೆ ಟೆಸ್ಟ್ ಲ್ಯಾಂಪಿನ ಮೇಲೆ ಸಿಟ್ಟು ಬಂದಿತ್ತು. ಅಲ್ಲ, ತಮ್ಮ ಮೇಲೆ ತಮಗೇ ಬಂದಿತ್ತು. ಎರಡು ದಿನವೂ ಅದರ ಒಂದು ತುದಿಯನ್ನು ಗಾಡಿಯ ಒಳ್ಳೆಯ ಕಬ್ಬಿಣಕ್ಕೆ ಹಚ್ಚಿ ನೋಡಿದ್ದರು, ಪಂಪಿನ ಮೈಗೆ ಹಚ್ಚಿ ನೋಡಿರಲಿಲ್ಲ. ಅದೂ ಅಲ್ಲದೆ ಸೀಟಿನಲ್ಲಿ ಯಾರೂ ಕೂತಿರಲಿಲ್ಲ. ಲ್ಯಾಂಪು ಹತ್ತದೇ ಏನು ಮಾಡುತ್ತದೆ?

ಮನೆಗೆ ಬಂದ ಮೇಲೆ, ಅಷ್ಟು ಮಂದಿಯಲ್ಲಿ ನಾನೇ ಯಾಕೆ ಬೇಕಾಗಿದ್ದೆ ಎಂದು ಕೇಳಿದೆ. ಸಾವ್ಕಾರರ ತೂಕಕ್ಕೆ ಸರಿಹೋಗುವವರು ನಮ್ಮ ಓಣಿಯಲ್ಲಿ ಇನ್ಯಾರಿದ್ದಾರೆ ಎಂದರು! ಆ ದಿನ ಅವರಿಗೆ ಪಲ್ಯ ಉಪ್ಪಿಲ್ಲದೆ ಸಿಕ್ಕಿತು.

ಬೆಸ್ತವಾರ ಮಿಲ್ಲಿಗೆ ನಾನೂ ಹೋದೆ. ತಮ್ಮನ ಹೆಸರಿನ ಪ್ರಶ್ನೆ, ಮನೆಯಲ್ಲಿ ಹೇಗೆ ಕೂರಲಿ? ಅಂಗಳದಲ್ಲಿ ಎಲ್ಲರೂ ನೆರೆದಿದ್ದರು. ಗಾಡಿಗೆ ಏನಾಗಿದೆ ಎಂದು ಸಾವ್ಕಾರರು ಕೇಳಿದರು. ಇವರು ಕೈ ಕಟ್ಟಿ ನಿಂತು ಇದ್ದದ್ದನ್ನು ಇದ್ದಂತೆ ಹೇಳಿದರು.

“ನೀವು ಕುಂತ್ರ ಅರ್ಥ ಹೋಗತೈತ್ರಿ.”

ಅರ್ಥ ಎಂದರೆ ದುಡ್ಡು ಎಂದೂ ಆಗುತ್ತದಲ್ಲ! ಬೆಳ್ಳಂಬೆಳಿಗ್ಗೆ ಒಬ್ಬ ವ್ಯಾಪಾರಸ್ಥನಿಗೆ, ಅವನ ಮಿಲ್ಲಿನಲ್ಲೇ ನಿಂತು, ನೀನು ಕೂತರೆ ಸಂಪತ್ತು ಹೋಗುತ್ತದೆ ಎಂದರೆ ಹೇಗಿರುತ್ತದೆ? ಗುಮಾಸ್ತ ಹೌಹಾರಿ, ಮೊದಲು ಬಿಡ್ತು ಅನ್ನು ಎಂದು ಇವರ ಮೈಮೇಲೆ ಬಂದ. ಸಾವ್ಕಾರರ ಮುಖ ಕಪ್ಪಿಟ್ಟಿತು. ಇವರಿಗೆ ಏನಾಯಿತೆಂದು ಗೊತ್ತಾಗಲೇ ಇಲ್ಲ. ನಾನು ಮುಂದೆ ಬಂದು, ಅದು ಆ ಅರ್ಥವಲ್ಲ, ವಾಯರಿನ ಅರ್ಥ ಎಂದು ಬಿಡಿಸಿ ಹೇಳಬೇಕಾಯಿತು. ಆಮೇಲೆ ಇವರು ಸಾವ್ಕಾರರನ್ನು ಸೀಟಿನಲ್ಲಿ ಕೂರಿಸಿದರು. ಏಳ್ರಿ ಎಂದರು, ಕುಂದ್ರಿ ಎಂದರು, ಏಳ್ರಿ ಎಂದರು. ಪಂಪು ಸಾವ್ಕಾರರು ಎದ್ದಾಗ ಮಾತಾಡಿತು, ಕೂತಾಗ ಬಾಯಿ ಮುಚ್ಚಿತು. ಹೆಣ್ಣುಮಕ್ಕಳು ಸೆರಗಿನೊಳಗೆ ನಗುತ್ತಿದ್ದರು. ಕೊನೆಗೆ ಸಾವ್ಕಾರರೂ ಏದುಸಿರು ಬಿಡುತ್ತ ನಕ್ಕು, ಸಾಕು ಮಾರಾಯ, ತಿಳೀತು ಎಂದು ಇಳಿದರು. ಸ್ಕ್ರೂ ಬಿಗಿದು ಗಾಡಿ ಕೊಡು ಎಂದು ಇವರಿಗೆ ಹೇಳಿ, ನಾಳೆಯಿಂದ ಕೆಲಸಕ್ಕೆ ಬಾ ಎಂದು ನನ್ನ ತಮ್ಮನಿಗೆ ಹೇಳಿ, ಒಳಗೆ ಹೊರಟರು.

ಅಲ್ಲಿಗೆ ಮುಗಿಯಿತು ಎಂದು ನಾನು ಉಸಿರು ಬಿಟ್ಟೆ. ಇವರು ಸ್ಕ್ರೂ ಡ್ರೈವರ್ ಹಿಡಿದು ಕಾರಿನ ಬಾಗಿಲಲ್ಲಿ ಕುಕ್ಕರಗಾಲಿನಲ್ಲಿ ಕೂತವರು ಸ್ಕ್ರೂ ಮುಟ್ಟಲಿಲ್ಲ.

“ಸಾವ್ಕಾರ್ರ, ಇನ್ನೊಂದು ಸಡಲ ಉಳದೈತ್ರಿ.”

ಅವರು ತಿರುಗಿ ಅದೇನು ಎಂದು ಕೇಳಿದರು.

“ಮೊನ್ನೆ ಇದ ಅಂಗಳದಾಗ, ಇಷ್ಟೂ ಮಂದಿ ಮುಂದ, ಈ ಹುಡುಗನ್ನ ಸುಳ್ಳ ಅಂದ್ರಿ. ಅದನ್ನ ಬಿಗಿ ಮಾಡಾಕ ನನಗ ಬರೂದಿಲ್ರಿ. ನೀವ ಮಾಡಬೇಕು.”

ಹಮಾಲರು ಚೀಲ ಇಳಿಸಿ ನಿಂತರು. ಗುಮಾಸ್ತ ನೆಲ ನೋಡಿದ. ನನ್ನ ತಮ್ಮ, ಬ್ಯಾಡ ಮಾಮಾ ಎಂದು ಇವರ ತೋಳು ಹಿಡಿದ. ಇವರು ಏಳಲಿಲ್ಲ, ತಲೆ ತಗ್ಗಿಸಲೂ ಇಲ್ಲ. ಸಾವ್ಕಾರರು ಒಮ್ಮೆ ಹಮಾಲರ ಕಡೆ, ಒಮ್ಮೆ ನನ್ನ ತಮ್ಮನ ಕಡೆ ನೋಡಿದರು. ದೊಡ್ಡ ಮನುಷ್ಯರು ಅವರೂ. ಅಂಗಳದ ನಡುವೆ ಬಂದು, ಎಲ್ಲರಿಗೂ ಕೇಳುವಂತೆ ಹೇಳಿದರು.

“ತಪ್ಪು ನಂದ. ಹುಡುಗಂದಲ್ಲ.”

ಇವರು ಆಗ ಸ್ಕ್ರೂ ಬಿಗಿದರು.

ಅಲ್ಲಿಂದ ನಡೆದೇ ಮನೆಗೆ ಬಂದೆವು. ದಾರಿಯುದ್ದಕ್ಕೂ ನನಗೆ ನೆಲ ಕಾಣಲಿಲ್ಲ. ಎದುರಿಗೆ ಬಂದವರನ್ನೆಲ್ಲ ನಿಲ್ಲಿಸಿ, ನೋಡ್ರಿ, ಈ ಮುಂದೆ ಹೊರಟಿದ್ದಾರಲ್ಲ, ನನ್ನ ಗಂಡ ಅವರು ಎಂದು ಹೇಳಬೇಕೆನ್ನಿಸುತ್ತಿತ್ತು. ಮನೆಗೆ ಬಂದು ಚಾ ಮಾಡಿ ಕಪ್ಪು ಬಸಿ ತಂದು, ಕಟ್ಟೆಯ ಮೇಲೆ ಕೂತ ಇವರ ಕೈಗೆ ಕೊಟ್ಟೆ. ಬಸಿಯ ಮೇಲೆ ಕಪ್ಪು ಲಟಲಟ ಸದ್ದು ಮಾಡತೊಡಗಿತು. ಚಾ ಚೆಲ್ಲಿ ಧೋತರದ ಮೇಲೆ ಬಿತ್ತು.

“ಏನ್ರೀ, ಜ್ವರ ಬಂದಾವೇನು?” ಎಂದೆ.

ಅವರು ನನ್ನ ಕಡೆ ನೋಡಲಿಲ್ಲ. “ನಮ್ಮಪ್ಪ ಆ ಅಂಗಳದಾಗ ಇಪ್ಪತ್ತು ವರ್ಷ ಚೀಲ ಹೊತ್ತ. ಒಂದಿನಾನೂ ತಲಿ ಎತ್ತಿ ಮಾತಾಡಲಿಲ್ಲ. ನಾ ಇವತ್ತು ಕುಂತ ಮಾತಾಡಿಬಿಟ್ಟೆ.” ಆಮೇಲೆ ಸಣ್ಣ ದನಿಯಲ್ಲಿ, “ನಿಲ್ಲಾಕ ಕಾಲಾಗ ಶಕ್ತಿ ಇದ್ದಿದ್ದಿಲ್ಲ,” ಎಂದರು.

ನಾನು ಅವರ ಕೈಯಿಂದ ಕಪ್ಪು ತೆಗೆದುಕೊಂಡೆ. ಚಾ ಬಸಿಗೆ ಸುರಿದು, ಆರಿಸಿ, ಅವರ ಬಾಯಿಯ ಹತ್ತಿರ ಹಿಡಿದೆ. ಕಟ್ಟೆಯ ಮುಂದೆ ಓಣಿಯ ಮಂದಿ ಓಡಾಡುತ್ತಿದ್ದರು, ನೋಡಿದರೆ ನೋಡಲಿ ಎಂದುಕೊಂಡೆ. ಅವರು ನನ್ನ ಕೈಯಿಂದಲೇ ಅಷ್ಟೂ ಚಾ ಕುಡಿದರು.